ಮಾತ್ರೆಯ ಡಬ್ಬಿ ಇನ್ನೊಬ್ಬರ ಕೈಗೆ ಹೋಗುವ ವಯಸ್ಸು

ಎಚ್‌ಐವಿ ಜೊತೆ ಬದುಕುತ್ತಿರುವ ಹಿರಿಯರ ಮಾತುಗಳನ್ನು ಕೇಳುತ್ತ ಬಂದ ನನಗೆ, ಅವರನ್ನು ಹೆಚ್ಚು ದಣಿಸುವುದು ವೈರಾಣುವಲ್ಲ, ಅದನ್ನು ಬಚ್ಚಿಟ್ಟುಕೊಂಡು ಬಂದ ಶ್ರಮ ಎಂದು ಅನ್ನಿಸಿದೆ. ಎಷ್ಟೋ ವರ್ಷ ಗುಟ್ಟೇ ಅವರ ಗುರಾಣಿಯಾಗಿತ್ತು: ಸೀಸೆಯ ಮೇಲಿನ ಚೀಟಿ ಕಿತ್ತುಹಾಕುವುದು, ಯಾರಾದರೂ ಕೇಳಿದರೆ ರಕ್ತದೊತ್ತಡದ ಮಾತ್ರೆ ಎನ್ನುವುದು, ತಪಾಸಣೆಯ ದಿನಕ್ಕೆ ಒಂದು ನೆಪ ಹುಡುಕುವುದು. ಆದರೆ ಕಣ್ಣು ಮಂಜಾಗಿ, ಕೈ ನಡುಗತೊಡಗಿ, ಮಾತ್ರೆಗಳನ್ನು ಬೇರೊಬ್ಬರು ಎಣಿಸಿಕೊಡಬೇಕಾದ ದಿನ ಬಂದಾಗ ಆ ಗುರಾಣಿಯೇ ಭಾರವಾಗುತ್ತದೆ. ಅನಿವಾರ್ಯತೆ ಬಾಯಿ ಬಿಡಿಸುವ ಮೊದಲೇ, ತಾವೇ ಆರಿಸಿಕೊಂಡ ಒಬ್ಬರಿಗೆ, ಒಬ್ಬರಿಗೆ ಸಾಕು, ವಿಷಯ ತಿಳಿಸಿದವರು ಹೆಚ್ಚು ನಿರಾಳವಾಗಿರುವುದನ್ನು ಕಂಡಿದ್ದೇನೆ. ಹಾಗೆಂದು ಎಲ್ಲರೂ ಹೇಳಿಬಿಡಬೇಕೆಂದು ಒತ್ತಾಯಿಸಲಾರೆ; ಹೇಳಿ ಮನೆಯ ನೆಮ್ಮದಿ ಕಳೆದುಕೊಂಡವರೂ ಇದ್ದಾರೆ.

ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ 1996ರ ಸುಮಾರಿಗೆ ಬಳಕೆಗೆ ಬರುವ ಮುನ್ನ ಸೋಂಕು ತಗುಲಿದವರು ಮುಪ್ಪನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಸಾವಿಗೆ ಮನಸ್ಸನ್ನು ಅಣಿಗೊಳಿಸಿಕೊಂಡು, ಗೆಳೆಯರನ್ನು ಒಬ್ಬೊಬ್ಬರಾಗಿ ಕಳೆದುಕೊಂಡು, ಕೊನೆಗೆ ತಾವು ಮಾತ್ರ ಉಳಿದಾಗ, ‘ನಾನೇಕೆ ಉಳಿದೆ’ ಎಂಬ ತಪ್ಪಿತಸ್ಥ ಭಾವ ಅವರನ್ನು ಕಾಡುತ್ತದೆ. ಐವತ್ತು ದಾಟಿದ ಮೇಲೆ ಸೋಂಕು ಪತ್ತೆಯಾದವರ ಸಂಕಟವೇ ಬೇರೆ. ಅವರ ಸುಸ್ತು, ತೂಕದ ಇಳಿಕೆ ಎಲ್ಲವೂ ವಯಸ್ಸಿನ ಖಾತೆಗೆ ಜಮೆಯಾಗಿ, ಹಿರಿಯರ ಲೈಂಗಿಕ ಬದುಕಿನ ಬಗ್ಗೆ ಕೇಳಲು ವೈದ್ಯರೂ ಸಂಕೋಚಪಡುವುದರಿಂದ, ರೋಗ ಗೊತ್ತಾಗುವುದೇ ತಡವಾಗಿ. ಜೊತೆಗೆ ‘ಈ ವಯಸ್ಸಿನಲ್ಲಿ ಇದೇ?’ ಎಂಬ ನಾಚಿಕೆ.

ಮರೆವು ಶುರುವಾದಾಗ ಅದು ವಯಸ್ಸಿನದೋ, ಸೋಂಕಿನದೋ, ಖಿನ್ನತೆಯದೋ ಎಂಬ ಭಯ ಹುಟ್ಟುತ್ತದೆ. ಎಫಾವಿರೆನ್ಜ್‌ನಂತಹ ಕೆಲವು ಎಚ್‌ಐವಿ ಔಷಧಗಳೂ ನಿದ್ದೆ, ಕನಸು, ಮನಸ್ಥಿತಿಗಳನ್ನು ಕದಡಬಲ್ಲವು. ಆದ್ದರಿಂದ ‘ಮುಪ್ಪಿನಲ್ಲಿ ಇದೆಲ್ಲ ಸಹಜ’ ಎಂದು ತಳ್ಳಿಹಾಕುವ ಬದಲು ವೈದ್ಯರೊಡನೆ ಮಾತನಾಡಲೇಬೇಕು. ಖಿನ್ನತೆಗೆ ಚಿಕಿತ್ಸೆ ಇದೆ, ಅದನ್ನು ಕಡೆಗಣಿಸಿದರೆ ಎಚ್‌ಐವಿ ಮಾತ್ರೆಯೂ ತಪ್ಪತೊಡಗುತ್ತದೆ.

ಚಿಕಿತ್ಸೆಯಿಂದ ರಕ್ತದಲ್ಲಿನ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕವೂ ಸೋಂಕು ಹರಡುವುದಿಲ್ಲ. ತಟ್ಟೆ, ಲೋಟ, ಅಪ್ಪುಗೆಗಳಿಂದಂತೂ ಅದು ಎಂದೂ ಹರಡಿದ್ದಿಲ್ಲ. ಇದನ್ನು ಬಾಯಿಪಾಠದಂತೆ ಒಪ್ಪಿಸಬಲ್ಲ ಹಿರಿಯರೇ ಮೊಮ್ಮಗು ಓಡಿಬಂದಾಗ ಅರೆಗಳಿಗೆ ಹಿಂಜರಿಯುತ್ತಾರೆ. ತಿಳಿವಳಿಕೆ ಮೈಗೂಡಲು ಇನ್ನೊಬ್ಬ ಸಮವಯಸ್ಕ ಸೋಂಕಿತರ ಎದುರು ಕುಳಿತು, ಏನನ್ನೂ ಮುಚ್ಚಿಡದೆ ಆಡುವ ಒಂದು ಗಂಟೆಯ ಮಾತು ನಮ್ಮೆಲ್ಲರ ಉಪದೇಶಕ್ಕಿಂತ ಹೆಚ್ಚು ನೆರವಾಗುತ್ತದೆ. ಅಂಥ ಭೇಟಿಯಲ್ಲಿ ಅವರು ಮೊದಲು ಹೋಲಿಸಿ ನೋಡುವುದು, ಬಹುಪಾಲು, ಮೊಣಕಾಲಿನ ನೋವನ್ನು.