ಹಪ್ಪಳದ ಮೇಲಿನ ಕಪ್ಪು ಮತ್ತು ತಾರಸಿಯ ಬಕೆಟ್

ಹೋದ ಏಪ್ರಿಲ್‌ನಲ್ಲಿ ಅತ್ತೆ ತಾರಸಿಯಲ್ಲಿ ಹಲಸಿನ ಹಪ್ಪಳ ಒಣಗಲು ಹಾಕಿದ್ದರು. ಸಂಜೆ ಚಾಪೆ ಸುತ್ತುವ ಹೊತ್ತಿಗೆ ಒಂದು ಹಪ್ಪಳದ ಮೇಲೆ ಬೆರಳಾಡಿಸಿ ನನ್ನ ಮುಂದೆ ಹಿಡಿದರು. ಕಾಡಿಗೆ ಮುಟ್ಟಿದ ಹಾಗೆ ಕಪ್ಪು. "ಇದನ್ನು ಮಕ್ಕಳಿಗೆ ಹೇಗೆ ಕಾಯಿಸಿ ಕೊಡುವುದು, ಹೇಳು?" ಅಂದರು. ಎರಡು ದಿನದ ಕೆಲಸ ತೆಂಗಿನ ಬುಡಕ್ಕೆ ಹೋಯಿತು.

ನಮ್ಮ ಮನೆ ಮಂಗಳೂರಿನ ಬೈಕಂಪಾಡಿಯಲ್ಲಿ, ಹೆದ್ದಾರಿಯ ಮೂಡು ಬದಿಗೆ. ಪಡುವಿಗೆ ಹೆದ್ದಾರಿ, ಅದರಾಚೆ ಬಂದರು. ಇನ್ನೊಂದು ಬದಿಗೆ ಕಾರ್ಖಾನೆಗಳು. ಕಲ್ಲಿದ್ದಲು, ಅದಿರು, ಗೊಬ್ಬರ ಹೊತ್ತ ಲಾರಿಗಳು ರಾತ್ರಿ ಹಗಲು ಓಡಾಡುತ್ತವೆ. ಕಿಟಕಿ ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಒರೆಸಬೇಕು. ದೂರು ಕೊಡಲು ಹೋದಾಗ ಅಧಿಕಾರಿಯೊಬ್ಬರು ಮೊಬೈಲ್ ತೆಗೆದು, "ನೋಡಿಮ್ಮಾ, ಗಾಳಿ ಚೆನ್ನಾಗಿಯೇ ಉಂಟಲ್ಲ" ಎಂದು ವಾಯು ಗುಣಮಟ್ಟ ಸೂಚ್ಯಂಕದ ಹಸಿರು ಬಣ್ಣದ ಸಂಖ್ಯೆ ತೋರಿಸಿದರು. ನಾನು ಕಾಲೇಜೊಂದರ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಸಹಾಯಕಿ. ಆ ಸಂಖ್ಯೆ ಸುಳ್ಳಲ್ಲ ಎಂದು ಗೊತ್ತಿತ್ತು. ನಮ್ಮ ಹಪ್ಪಳದ ಮೇಲಿನ ಕಪ್ಪು ಅದರೊಳಗೆ ಇಲ್ಲ ಎಂಬುದೂ ಗೊತ್ತಿತ್ತು.

ಆ ಸಂಖ್ಯೆ ಹೆಚ್ಚಾಗಿ ನಿಲ್ಲುವುದು ಪಿಎಂ 2.5 ಮತ್ತು ಪಿಎಂ 10 ಮೇಲೆ, ಅಂದರೆ 10 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣ ಕಣಗಳ ಮೇಲೆ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಅವೇ, ಆದ್ದರಿಂದ ಅವನ್ನು ಅಳೆಯಲೇಬೇಕು. ಆದರೆ ಕಲ್ಲಿದ್ದಲು, ಅದಿರಿನ ರಾಶಿಯಿಂದ, ಲಾರಿಯಿಂದ ಹಾರಿ ಕಿಟಕಿಯಲ್ಲಿ ಕೂರುವ ಧೂಳಿನ ಬಹುಪಾಲು ಅದಕ್ಕಿಂತ ದಪ್ಪ. ನಾವೇ ಅಳೆಯೋಣವೆಂದರೆ, ಕಣಗಳನ್ನು ಬೆಳಕಿನಿಂದ ಎಣಿಸುವ ಅಗ್ಗದ ಲೇಸರ್ ಸೆನ್ಸರ್‌ಗೆ ದಪ್ಪ ಕಣ ಸರಿಯಾಗಿ ಸಿಗುವುದೇ ಇಲ್ಲ. ಮೇಲಿಂದ ನಮ್ಮ ಕರಾವಳಿಯ ಪಸೆಗೆ ಸಣ್ಣ ಕಣಗಳು ಉಬ್ಬಿ ಲೆಕ್ಕ ಇನ್ನೊಂದು ಕಡೆಗೆ ತಪ್ಪುತ್ತದೆ. 2009ರ ರಾಷ್ಟ್ರೀಯ ವಾಯು ಗುಣಮಟ್ಟದ ಮಾನದಂಡದಲ್ಲಿ 12 ಅಂಶಗಳಿವೆ. ಹೀಗೆ ಬೀಳುವ ಧೂಳು ಆ ಹನ್ನೆರಡರಲ್ಲಿ ಇಲ್ಲ. ನಾವು ದಿನಾ ಒರೆಸುವುದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ನನಗೆ ಸಂಕಟವಾದದ್ದು ಅಲ್ಲಿಯೇ.

ಬೀಳುವ ಧೂಳು ಅಳೆಯುವುದು ಹಳೆಯ ವಿದ್ಯೆ, ಕರೆಂಟು ಬೇಡ. ಬಾಯಿ 20 ಸೆಂಟಿಮೀಟರ್ ಅಗಲದ ಬಕೆಟ್ ತಂದು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಇಟ್ಟೆ. ಬಿದ್ದ ಧೂಳು ಮತ್ತೆ ಹಾರದಂತೆ ಒಳಗೆ ಡಿಸ್ಟಿಲ್ಡ್ ವಾಟರ್, ಪಾಚಿ ಕಟ್ಟದಂತೆ ಚೂರು ಮೈಲುತುತ್ತ. 30 ದಿನ ಆದ ಮೇಲೆ ಎಲೆ, ಹುಳ ತೆಗೆದು ನೀರನ್ನು ಫಿಲ್ಟರ್ ಪೇಪರಿನಲ್ಲಿ ಸೋಸಬೇಕು. ಪೇಪರನ್ನು ಮೊದಲೇ ಒಣಗಿಸಿ ತೂಗಿಟ್ಟಿರಬೇಕು, ಸೋಸಿದ ಮೇಲೆ 105 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತೂಗಬೇಕು. ಸಮುದ್ರದ ಉಪ್ಪು ನೀರಲ್ಲಿ ಕರಗಿ ಕೆಳಗಿಳಿಯುತ್ತದೆ, ಕರಗದ್ದು ಮಾತ್ರ ಉಳಿಯುತ್ತದೆ. ಈ ಬಕೆಟಿನಲ್ಲಿ 1 ಗ್ರಾಂ ಸಿಕ್ಕಿತೆಂದರೆ ಒಂದು ಚದರ ಮೀಟರ್ ತಾರಸಿಗೆ ಸುಮಾರು 32 ಗ್ರಾಂ ಬಿದ್ದಿದೆ ಎಂದು ಲೆಕ್ಕ. ಮಳೆಗಾಲದಲ್ಲಿ ಇದು ನಡೆಯುವುದಿಲ್ಲ. ಜುಲೈ ಒಂದರಲ್ಲೇ ಇಲ್ಲಿ ಸಾವಿರ ಮಿಲಿಮೀಟರ್ ಆಸುಪಾಸು ಸುರಿಯುತ್ತದೆ, ಬಕೆಟ್ ತುಂಬಿ ಚೆಲ್ಲುತ್ತದೆ. ಹಾಗಾಗಿ ದೀಪಾವಳಿಯ ಪಟಾಕಿ ಮುಗಿದ ಮೇಲಿಂದ ಮೇ ಕೊನೆಗೆ ಬರುವ ಪತ್ತನಾಜೆಯ ತನಕ ನನ್ನ ಅಳತೆ.

ತೂಕದಿಂದ ಎಷ್ಟು ಎಂದು ತಿಳಿಯಿತು, ಎಲ್ಲಿಂದ ಎಂದು ತಿಳಿಯಲಿಲ್ಲ. ಅದಕ್ಕೆ ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಗಳಿಗೆ ತೆಳ್ಳಗೆ ವ್ಯಾಸಲೀನ್ ಸವರಿ ಒಂದನ್ನು ಪಡುವಿಗೆ, ಒಂದನ್ನು ಮೂಡಿಗೆ ಮುಖ ಮಾಡಿ ನಿಲ್ಲಿಸಿದೆ. ಚಳಿಗಾಲದಲ್ಲಿ ನಮ್ಮಲ್ಲಿ ಬೆಳಿಗ್ಗೆ ಮೂಡು ಗಾಳಿ, ಮಧ್ಯಾಹ್ನದ ಮೇಲೆ ಕಡಲಿನಿಂದ ಪಡು ಗಾಳಿ. ಪಡುವಿನ ಪಟ್ಟಿಯನ್ನು ಲೆನ್ಸಿನಡಿ ಇಟ್ಟಾಗ ಒಡೆದ ಬಳೆಯ ಚೂರಿನಂತೆ ಅಂಚು ಹರಿತವಾದ, ಬೆಳಕು ದಾಟದ ಹೊಳೆವ ಕಪ್ಪು ತುಣುಕುಗಳು ಕಂಡವು. ಕಲ್ಲಿದ್ದಲು ಒಡೆಯುವುದು ಹಾಗೆಯೇ. ನಡುವೆ ಮುರಕಲ್ಲಿನ ಕೆಂಪು ಹುಡಿ, ಮರಳಿನ ಪಾರದರ್ಶಕ ಕಣ, ಹೊಸೆದ ಬತ್ತಿಯಂಥ ಟಯರಿನ ಸವೆತ. ಮೂಡಿನ ಪಟ್ಟಿಯಲ್ಲಿ ಕೆಂಪೇ ಹೆಚ್ಚು, ಆದರೆ ಕಪ್ಪು ಅಲ್ಲಿಯೂ ಉಂಟು. ಆದ್ದರಿಂದ ಒಬ್ಬರ ಮೇಲೆಯೇ ಬೆರಳು ತೋರಿಸಲು ನಾನು ತಯಾರಿಲ್ಲ. ಲಾರಿಗೆ ಟರ್ಪಾಲು ಸರಿಯಾಗಿ ಕಟ್ಟಿದರೆ, ರಸ್ತೆ ಗುಡಿಸಿ ನೀರು ಹಾಕಿದರೆ ಎಷ್ಟು ಇಳಿಯುತ್ತದೆ ಎಂಬುದನ್ನಾದರೂ ಈ ಬಕೆಟ್ ತೋರಿಸಬಲ್ಲದು, ತಿಂಗಳು ತಪ್ಪದೆ ಇಟ್ಟರೆ.

ಮೊದಲು ಪಕ್ಕದ ಮನೆಯ ಅಕ್ಕ, "ಎಂತ ಮಾರಾಯ್ತಿ, ಕಾಗೆಗೆ ನೀರಾ?" ಎಂದು ಕೇಳಿದ್ದರು. ಈಗ ಅವರ ಮನೆ ಮಾಡಿನ ಮೇಲೂ ಒಂದು ಬಕೆಟ್ ಇದೆ. ಅತ್ತೆ ದಿನಕ್ಕೆರಡು ಸಲ ಊದುಬತ್ತಿಯ ಹೊಗೆ ಎತ್ತ ಹೋಗುತ್ತದೆ ಎಂದು ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ 'ಮೂ' ಅಥವಾ 'ಪ' ಎಂದು ಬರೆದಿಡುತ್ತಾರೆ. ಒಂದು ದಿನವೂ ಬಿಟ್ಟಿಲ್ಲ.

ಮೀನಕಳಿಯ, ಚಿತ್ರಾಪುರ, ಜೋಕಟ್ಟೆ ಕಡೆಯವರು ಯಾರಾದರೂ ತಾರಸಿಯಲ್ಲಿ ಇಷ್ಟು ಜಾಗ ಕೊಡುವಿರಾದರೆ ತಿಳಿಸಿ. ಬಕೆಟ್ ನಾನೇ ತಂದಿಡುತ್ತೇನೆ, ಸೋಸಿ ತೂಗುವುದು ನನ್ನ ಪಾಲಿಗಿರಲಿ. ಗಾಳಿ ಯಾವ ಕಡೆಯದು ಎಂದು ಬರೆದಿಟ್ಟರೆ ಸಾಕು.