ಪೇಪರ್‌ಗಿಂತ ಮೊದಲು ಪೇಟೆಂಟ್ ಅರ್ಜಿ

ಲ್ಯಾಬಿನ ಸಂಶೋಧನೆಯನ್ನು ಕಂಪನಿ ಮಾಡಹೊರಟ ಪ್ರಾಧ್ಯಾಪಕರಿಗೆ ಕೇಳಬೇಕಾದ ಮೊದಲ ಪ್ರಶ್ನೆ: ಇದನ್ನು ಎಲ್ಲಾದರೂ ಪ್ರಕಟಿಸಿದ್ದೀರಾ? ಸಮ್ಮೇಳನದ ಪೋಸ್ಟರ್, ಆನ್‌ಲೈನ್‌ಗೆ ಹಾಕಿದ ಸಾರಾಂಶ, ಗ್ರಂಥಾಲಯ ಸೇರಿದ ಪಿಎಚ್‌ಡಿ ಪ್ರಬಂಧ, ಎಲ್ಲವೂ ಪ್ರಕಟಣೆಯೇ. ಪ್ರಕಟವಾದದ್ದು ಹೊಸದಲ್ಲ ಎಂದು ಪೇಟೆಂಟ್ ಕೈತಪ್ಪಬಹುದು. ಅಮೆರಿಕದಲ್ಲಿ ಪ್ರಕಟಿಸಿದ ಮೇಲೂ ಅರ್ಜಿ ಹಾಕಲು ಒಂದು ವರ್ಷದ ಕಾಲಾವಕಾಶ ಇದೆ. ಯುರೋಪಿನಲ್ಲಿ ಬಹುಮಟ್ಟಿಗೆ ಬಾಗಿಲು ಮುಚ್ಚಿದಂತೆ. ಭಾರತದ ವಿನಾಯಿತಿಯೂ ತೀರಾ ಇಕ್ಕಟ್ಟಿನದು.

ಆದ್ದರಿಂದ ಪೇಪರ್ ಕಳಿಸುವ ಮೊದಲೇ ಫಾರ್ಮ್ 1 (ಅರ್ಜಿ), ಫಾರ್ಮ್ 2 (ಸಂಶೋಧನೆಯ ವಿವರಣೆ) ತುಂಬಿ ತಾತ್ಕಾಲಿಕ ಪೇಟೆಂಟ್ ಅರ್ಜಿ ಹಾಕಿ. ವಿದ್ಯಾಸಂಸ್ಥೆಗೆ ಆನ್‌ಲೈನ್ ಮೂಲ ಶುಲ್ಕ 1,600 ರೂಪಾಯಿ. ಅಲ್ಲಿಂದ 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು, ತಪ್ಪಿದರೆ ಅರ್ಜಿ ಬಿದ್ದುಹೋಗುತ್ತದೆ. ತಾತ್ಕಾಲಿಕ ತಾನೇ ಎಂದು ಎರಡು ಪುಟ ಗೀಚಿ ಕೊಡಬೇಡಿ. ಅದರಲ್ಲಿ ಬರೆಯದ ಅಂಶಕ್ಕೆ ಆ ದಿನಾಂಕದ ರಕ್ಷಣೆ ಸಿಗುವುದಿಲ್ಲ.

ಜೈವಿಕ ತಂತ್ರಜ್ಞಾನವಾದರೆ ಹಣಕ್ಕೆ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಉದ್ಯಮ ನೆರವು ಸಂಸ್ಥೆ ಬೈರಾಕ್‌ನ (BIRAC) ಬಿಗ್ (BIG) ಅನುದಾನವಿದೆ: 18 ತಿಂಗಳಿಗೆ 50 ಲಕ್ಷದವರೆಗೆ. ಖರ್ಚು ಎಲ್ಲಿ ಮಾಡಬೇಕು? ರಕ್ತಪರೀಕ್ಷೆಯ ಸ್ಟ್ರಿಪ್ ಒಂದನ್ನೇ ನೋಡಿ. ಲ್ಯಾಬಿನ 25 ಡಿಗ್ರಿಯಲ್ಲಿ, ಸೀರಮ್ (ಕಣಗಳನ್ನು ಬೇರ್ಪಡಿಸಿದ ರಕ್ತದ ತಿಳಿದ್ರವ) ಹಾಕಿದರೆ ಫಲಿತಾಂಶದ ಗೆರೆ ಸ್ಪಷ್ಟ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವುದು ಬೆರಳು ಚುಚ್ಚಿ ತೆಗೆದ ರಕ್ತ, ಹೊರಗೆ 38 ಡಿಗ್ರಿ ಸೆಕೆ. ಕೆಂಪುಕಣ ತಡೆಯುವ ಪ್ಯಾಡ್ ಇಲ್ಲದಿದ್ದರೆ ಸ್ಟ್ರಿಪ್‌ನ ಪೊರೆಯೆಲ್ಲ ಕೆಂಪಾಗಿ ಗೆರೆ ಮುಚ್ಚಿಹೋಗುತ್ತದೆ; ತೇವಕ್ಕೆ ಸ್ಟ್ರಿಪ್ ಕೆಡುತ್ತದೆ. ಮೊದಲ ಆರು ತಿಂಗಳು ಈ ಪ್ಯಾಡಿಗೆ, ತೇವ ತಡೆಯುವ ಪೊಟ್ಟಣಕ್ಕೆ ಮೀಸಲಿಡಿ.