ಪಾಯಿಂಟ್‌ನಿಂದ ನಿಜವಾಗ್ಲೂ ಏನಾದ್ರೂ ಉಳಿಯುತ್ತಾ?

ಮದುವೆಮನೆಯಲ್ಲಿ ಊಟಕ್ಕೆ ಕೂತರೂ ಯಾರಾದರೊಬ್ಬರು ಕೇಳುತ್ತಾರೆ: ‘ದಿನಸಿಗೂ ಕ್ರೆಡಿಟ್ ಕಾರ್ಡ್ ಉಜ್ಜುತ್ತೀಯಲ್ಲ, ಆ ಪಾಯಿಂಟ್‌ನಿಂದ ಏನಾದ್ರೂ ಉಳಿಯುತ್ತಾ?’

ಉಳಿಯುತ್ತದೆ, ಆದರೆ ಅವರು ಅಂದುಕೊಂಡಷ್ಟಲ್ಲ. ದಿನಸಿ, ಔಷಧಿ, ರೀಚಾರ್ಜ್, ಬಟ್ಟೆಬರೆ ಸೇರಿ ತಿಂಗಳಿಗೆ ಸುಮಾರು 25,000 ರೂಪಾಯಿ ನನ್ನ ಕಾರ್ಡಿನಲ್ಲಿ ಹೋಗುತ್ತದೆ. ಆ ಖರ್ಚಿಗೆ ಬ್ಯಾಂಕ್ ಬಹುಮಾನವಾಗಿ ಕೊಡುವ ಪಾಯಿಂಟ್‌ನಿಂದ ಶೇ. 1ರ ಲೆಕ್ಕದಲ್ಲಿ ಸಿಗುವುದು 250. ವರ್ಷಕ್ಕೆ 3,000. ಅದರಲ್ಲಿ ವಾರ್ಷಿಕ ಶುಲ್ಕ 500, ಅದಕ್ಕೆ ಶೇ. 18 ಜಿಎಸ್‌ಟಿ ಕಳೆಯಿರಿ. ಕೈಗೆ ಬಂದದ್ದು 2,410.

ಈಗ ಬಡ್ಡಿ ನೋಡಿ. ತಿಂಗಳಿಗೆ ಶೇ. 3.5ರ ಆಸುಪಾಸು. ಅದೇ 25,000ವನ್ನು ಒಂದು ತಿಂಗಳು ಬಾಕಿ ಇಟ್ಟರೆ 875, ಜಿಎಸ್‌ಟಿ ಸೇರಿ ಸಾವಿರ ದಾಟುತ್ತದೆ. ನಾಲ್ಕು ತಿಂಗಳ ಪಾಯಿಂಟ್ ಒಂದೇ ಏಟಿಗೆ ಹೋಯಿತು.

ನಾನೂ ಈ ಏಟು ತಿಂದವಳೇ. ಮೊದಲ ವರ್ಷ ಒಂದು ಬಿಲ್ಲಿನಲ್ಲಿ ‘ಮಿನಿಮಮ್ ಡ್ಯೂ 1,250’ ಅಂತ ಇತ್ತು, ಅಂದರೆ ಆ ತಿಂಗಳು ಕನಿಷ್ಠ ಕಟ್ಟಲೇಬೇಕಾದ ಮೊತ್ತ. ಅಷ್ಟು ಕಟ್ಟಿ ಆರಾಮಾಗಿದ್ದೆ. ಅದು ತಡವಾದ ದಂಡವನ್ನಷ್ಟೇ ತಪ್ಪಿಸುತ್ತದೆ, ಬಡ್ಡಿಯನ್ನಲ್ಲ ಅಂತ ಗೊತ್ತಾಗಿದ್ದು ಮುಂದಿನ ಬಿಲ್ ಬಂದಾಗ. ಹಳೆ ಬಾಕಿಗೆ ಮಾತ್ರ ಅಲ್ಲ, ಆಮೇಲೆ ತಂದ ಸೋಪು, ಅಕ್ಕಿಗೂ ತಂದ ದಿನದಿಂದಲೇ ಬಡ್ಡಿ! 45–50 ದಿನದವರೆಗೆ ಬಡ್ಡಿಯಿಲ್ಲ ಅನ್ನುವ ಸೌಲಭ್ಯ ಪೂರ್ತಿ ಕಟ್ಟುವವರಿಗೆ ಮಾತ್ರ.

ನಮ್ಮಪ್ಪನಿಗೆ ಬೀದಿ ಕೊನೆಯ ಅಂಗಡಿಯಲ್ಲಿ ಉದ್ರಿ ಪುಸ್ತಕ ಇತ್ತು. ಸಂಬಳದ ದಿನ ಲೆಕ್ಕ ಚುಕ್ತಾ. ಬಾಕಿ ಬೆಳೆದರೆ ಅಂಗಡಿಯವರೇ ‘ಈ ಸಲ ಸ್ವಲ್ಪ ಜಾಸ್ತಿ ಆಯ್ತು ಮೇಷ್ಟ್ರೇ’ ಅನ್ನುತ್ತಿದ್ದರು. ಬ್ಯಾಂಕ್ ಹಾಗನ್ನುವುದಿಲ್ಲ. ಲಿಮಿಟ್, ಅಂದರೆ ಕಾರ್ಡಿನಲ್ಲಿ ಖರ್ಚು ಮಾಡಬಹುದಾದ ಮಿತಿ, ಏರಿಸಲಾ ಅಂತ ಮೆಸೇಜ್ ಕಳಿಸುತ್ತದೆ. ಹಾಗಾಗಿ ಆ ಅಂಗಡಿಯವರ ಕೆಲಸ ನಾನೇ ಮಾಡುತ್ತೇನೆ. ಬ್ಯಾಂಕ್ ಖಾತೆಯಿಂದ ತಾನಾಗೇ ಬಿಲ್ ಕಟ್ಟುವ ಆಟೋಪೇ ಇರುವುದು ಪೂರ್ತಿ ಬಾಕಿಗೆ, ಮಿನಿಮಮ್‌ಗೆ ಅಲ್ಲ. ಭಾನುವಾರ ಬೆಳಿಗ್ಗೆ ಕಾಫಿ ಜೊತೆ ವಾರದ ಖರ್ಚು ಕೂಡುತ್ತೇನೆ. ಲಿಮಿಟ್‌ನ ಶೇ. 30 ದಾಟಿದರೆ ಆ ತಿಂಗಳು ಕಾರ್ಡ್ ಬೀರುವಿನೊಳಗೆ. ಎಟಿಎಂನಲ್ಲಿ ಅದರಿಂದ ದುಡ್ಡು ತೆಗೆಯುವುದೇ ಇಲ್ಲ; ಅಲ್ಲಿ ಶುಲ್ಕವೂ ಉಂಟು, ಬಡ್ಡಿಯೂ ಅವತ್ತಿನಿಂದಲೇ ಶುರು.

2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ಅನುಕೂಲವೇ. ಆದರೆ ಟೀ, ಬೋಂಡ ಎಲ್ಲ ಸಾಲದ ಲೆಕ್ಕಕ್ಕೆ ಸೇರಿಬಿಡುತ್ತದೆ, ಸ್ಕ್ಯಾನ್ ಮಾಡುವಾಗ ಅದು ಸಾಲ ಅಂತ ಅನಿಸುವುದೇ ಇಲ್ಲ. ಚಿಲ್ಲರೆ ಖರ್ಚನ್ನು ನಾನು ಉಳಿತಾಯ ಖಾತೆಯಿಂದಲೇ ಮಾಡುತ್ತೇನೆ.

ಇನ್ನು ಬಾಡಿಗೆ, ಪೆಟ್ರೋಲು, ವಾಲೆಟ್‌ಗೆ ಬಹಳಷ್ಟು ಕಾರ್ಡ್‌ಗಳಲ್ಲಿ ಪಾಯಿಂಟ್ ಇಲ್ಲ. ಕೆಲವು ಕಡೆ ಪಾಯಿಂಟ್ ಬಿಡಿಸಿಕೊಳ್ಳಲೂ ಶುಲ್ಕ ಉಂಟು.

ನಮ್ಮ ಅಕ್ಕ ಎರಡು ವರ್ಷದ ಹಿಂದೆ ‘ಯಾವ ಕಾರ್ಡ್ ಒಳ್ಳೇದೇ?’ ಅಂದಳು. ವಿಚಾರಿಸಿದರೆ ಹಳೆ ಕಾರ್ಡಿನಲ್ಲೇ 40,000 ಬಾಕಿ. ಮೊದಲು ಅದನ್ನು ತೀರಿಸು ಅಂದೆ. ಕಡಿಮೆ ಬಡ್ಡಿಯ ಪರ್ಸನಲ್ ಲೋನ್ ತಗೊಂಡು ಕಾರ್ಡ್ ತೀರಿಸಿದಳು. ಹೋದ ತಿಂಗಳು ಲೋನಿನ ಕೊನೆ ಕಂತೂ ಮುಗಿಯಿತು. ಮೊನ್ನೆ ಫೋನ್ ಮಾಡಿ ಮತ್ತೆ ಅದೇ ಕೇಳಿದಳು, ‘ಈಗ ಹೇಳು, ಯಾವ ಕಾರ್ಡ್?’